ತಳದಲ್ಲಿ ಬರೆದ ಬೆಲೆ: ವಿಮಾನ ಕಂಪನಿಗಳ ಮುಖ್ಯಸ್ಥರು ಮತ್ತು ಅವರ ಸ್ಟಾಕ್ ಆಪ್ಷನ್

(ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಮಾನ ಕಂಪನಿಯ ಷೇರು ಏರುತ್ತದೆ. ಅದರ ಮುಖ್ಯಸ್ಥರು ತಮ್ಮ ಆಪ್ಷನ್‌ಗಳನ್ನು ನಗದು ಮಾಡಿಕೊಳ್ಳುತ್ತಾರೆ. ಕೋಟಿಗಳ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಓದಿದವರಿಗೆ ಎರಡು ದಿನ ಸಿಟ್ಟು ಬರುತ್ತದೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ನನಗೆ ಆ ಮೊತ್ತ ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ ಬೇರೊಂದು ಪ್ರಶ್ನೆ ಮುಖ್ಯ. ಷೇರು ಯಾವ ಬೆಲೆಯಿಂದ ಏರಿತು? ಅದು ಆ ಬೆಲೆಗೆ ಇಳಿದಿದ್ದಾಗ ನಷ್ಟ ಹೊತ್ತವರು ಯಾರು? ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಆಪ್ಷನ್ ಅಂದರೇನು ಅಂತ ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ನೋಡೋಣ. ಐರ್ಲೆಂಡಿನ ರಯಾನ್‌ಏರ್ ಕಂಪನಿಯ ಮೈಕಲ್ ಓ'ಲಿಯರಿ 2019ರಲ್ಲಿ ಹೊಸ ಕರಾರು ಮಾಡಿಕೊಂಡರು. ಸಂಬಳವನ್ನು ಅರ್ಧಕ್ಕೆ ಇಳಿಸಿ ವರ್ಷಕ್ಕೆ 5 ಲಕ್ಷ ಯೂರೋ ಮಾಡಿದರು. ಅದರ ಜೊತೆಗೆ 1 ಕೋಟಿ ಷೇರುಗಳ ಮೇಲೆ ಆಪ್ಷನ್ ಕೊಟ್ಟರು. ಬೆಲೆ 11.12 ಯೂರೋ ಅಂತ ಅವತ್ತೇ ಬರೆದಿಟ್ಟರು. ಅಂದರೆ ಮುಂದೆ ಷೇರು ಎಷ್ಟೇ ಆಗಲಿ, ಅವರು 11.12 ಕೊಟ್ಟು ತೆಗೆದುಕೊಳ್ಳಬಹುದು. ಒಂದೇ ಷರತ್ತು. ಷೇರಿನ ಬೆಲೆ 28 ದಿನ 21 ಯೂರೋಗಿಂತ ಮೇಲಿರಬೇಕು, ಇಲ್ಲವೇ ವರ್ಷದ ಲಾಭ ಗೊತ್ತುಪಡಿಸಿದ ಮಟ್ಟ ಮುಟ್ಟಬೇಕು.

ಲೆಕ್ಕ ಹಾಕಿ. 21ರಿಂದ 11.12 ಕಳೆದರೆ 9.88. ಒಂದು ಷೇರಿಗೆ 9.88 ಯೂರೋ, 1 ಕೋಟಿ ಷೇರಿಗೆ 9.88 ಕೋಟಿ ಯೂರೋ. 2025ರ ಮೇ ತಿಂಗಳ ಕೊನೆಯಲ್ಲಿ ಆ 28 ದಿನದ ಷರತ್ತು ಪೂರೈಸಿತು. ಅಷ್ಟರಲ್ಲಿ ಬೆಲೆ ಇನ್ನೂ ಮೇಲೆ ಹೋಗಿದ್ದರಿಂದ ಮೌಲ್ಯ 10 ಕೋಟಿ ಯೂರೋ ದಾಟಿತು. ಕರಾರನ್ನು ನಡುವೆ ವಿಸ್ತರಿಸಿದ್ದರಿಂದ ಹಣ ಕೈಗೆ ಬರಬೇಕಾದರೆ ಅವರು 2028ರ ಜುಲೈವರೆಗೆ ಕಂಪನಿಯಲ್ಲೇ ಇರಬೇಕು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬೆಲೆ 11ರಿಂದ 5ಕ್ಕೆ ಬಿದ್ದಿದ್ದರೆ ಆಪ್ಷನ್ ಹಿಡಿದವರಿಗೆ ಏನಾಗುತ್ತಿತ್ತು? ಏನೂ ಇಲ್ಲ. ಕಾಗದ ಪಕ್ಕಕ್ಕಿಡುತ್ತಿದ್ದರು, ಅಷ್ಟೇ. ಅದೇ ಷೇರನ್ನು ಕೈಯಿಂದ ದುಡ್ಡು ಹಾಕಿ ಕೊಂಡವರಿಗೆ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತಿತ್ತು. ಹಂಗೇರಿಯ ವಿಜ್ ಏರ್ ಇದಕ್ಕೆ ಇನ್ನೊಂದು ಮುಖ. 2021ರಲ್ಲಿ ಅಲ್ಲಿನ ಮುಖ್ಯಸ್ಥ ಯೋಜೆಫ್ ವಾರಾದಿಗೆ 10 ಕೋಟಿ ಪೌಂಡ್‌ವರೆಗೆ ಬೋನಸ್ ಸಿಗುವ ಯೋಜನೆಗೆ ಷೇರುದಾರರು ಒಪ್ಪಿದರು. ಗುರಿ 120 ಪೌಂಡ್ ಬೆಲೆ. ಷೇರು ಆಗ ಅದರ ಅರ್ಧಕ್ಕಿಂತ ಕೆಳಗಿತ್ತು. ಆಮೇಲೆ ಏರುವ ಬದಲು ಜಾರಿತು. 2025ರಲ್ಲಿ 20 ಪೌಂಡ್‌ಗಿಂತ ಕೆಳಗೆ ಬಂದಿತ್ತು. ಷೇರುದಾರರ ದುಡ್ಡು ಕರಗಿತು. ವಾರಾದಿಗೆ ಆ ಯೋಜನೆಯಿಂದ ನಷ್ಟವೇನೂ ಆಗಲಿಲ್ಲ, ಬರಬಹುದಾಗಿದ್ದ ಬೋನಸ್ ಬರಲಿಲ್ಲ ಅಷ್ಟೇ. 2023ರಲ್ಲಿ ಗುರಿ ಮುಟ್ಟಲು ಇನ್ನೆರಡು ವರ್ಷ ಸಮಯವನ್ನೂ ಕೊಟ್ಟರು.

ಆಪ್ಷನ್ ಬಗ್ಗೆ ನನಗೆ ದ್ವೇಷ ಇಲ್ಲ. ಓ'ಲಿಯರಿ ದಶಕಗಳಿಂದ ಒಂದು ಕಂಪನಿಯನ್ನು ಕಟ್ಟಿದವರು, ಅವರ ಕರಾರಿನಲ್ಲಿ ಎಲ್ಲವೂ ಎಲ್ಲರ ಕಣ್ಣೆದುರಿಗೇ ಇತ್ತು. ಹಾಗಿದ್ದೂ 2019ರ ವಾರ್ಷಿಕ ಸಭೆಯಲ್ಲಿ ಅವರ ಸಂಭಾವನೆಯ ವರದಿಗೆ ಸಿಕ್ಕಿದ್ದು ಶೇಕಡಾ 50.5 ಮತ ಮಾತ್ರ. ಷೇರುದಾರರಿಗೇ ಅಷ್ಟು ಅಳುಕಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಿಮಾನ ಕಂಪನಿಯ ಷೇರು ಬೇರೆ ಷೇರುಗಳ ಹಾಗಲ್ಲ. ಅದು ಭಾರಿ ಬೀಳುತ್ತದೆ, ಭಾರಿ ಏಳುತ್ತದೆ. ಬೀಳುವುದಕ್ಕೂ ಏಳುವುದಕ್ಕೂ ಕಾರಣ ಬಹಳ ಸಲ ಮುಖ್ಯಸ್ಥರ ಕೋಣೆಯ ಹೊರಗೇ ಇರುತ್ತದೆ. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ಮೇಲಿತ್ತು, 2015ರ ಜನವರಿಗೆ 50ಕ್ಕಿಂತ ಕೆಳಗೆ ಬಂತು. ಇಂಧನವೇ ದೊಡ್ಡ ಖರ್ಚಾಗಿರುವ ಉದ್ಯಮಕ್ಕೆ ಅದು ಆಕಾಶದಿಂದ ಬಿದ್ದ ಲಾಭ. ಆ ಲಾಭಕ್ಕೆ ಷೇರು ಏರಿದಾಗ ಮುಖ್ಯಸ್ಥರ ಆಪ್ಷನ್‌ಗಳೂ ಏರಿದವು. ತೈಲದ ಬೆಲೆಯನ್ನು ಇಳಿಸಿದ್ದು ಅವರಲ್ಲ, ಅಲ್ವಾ?

ತೈಲದ್ದು ಬಿಡಿ, ಅದು ಅದೃಷ್ಟ. ನನ್ನನ್ನು ಕಾಡುವುದು ಇನ್ನೊಂದು ಬಗೆಯ ಏರಿಕೆ. ಕಂಪನಿ ಮುಳುಗುವ ಹಂತಕ್ಕೆ ಬಂದಿರುತ್ತದೆ. ನೌಕರರು ಸಂಬಳ ಬಿಟ್ಟುಕೊಡುತ್ತಾರೆ, ಇಲ್ಲವೇ ಸರಕಾರ ಹಣ ಸುರಿಯುತ್ತದೆ. ಷೇರು ತಳ ಮುಟ್ಟಿದಾಗ ಹೊಸ ಆಪ್ಷನ್‌ಗಳಿಗೆ ಆ ತಳದ ಬೆಲೆಯನ್ನೇ ಬರೆಯುತ್ತಾರೆ. ಬೇರೆಯವರ ತ್ಯಾಗದಿಂದ ಕಂಪನಿ ಬದುಕುತ್ತದೆ, ಬೆಲೆ ಮರಳಿ ಏರುತ್ತದೆ. ತಳದಿಂದ ಮೇಲಕ್ಕಿರುವ ಆ ಇಡೀ ಅಂತರ ಸಂಭಾವನೆ ಆಗಿಬಿಡುತ್ತದೆ.

ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಇದು ಹೇಗೆ ನಡೆಯಿತು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಅಮೆರಿಕದ ವಿಮಾನ ಕಂಪನಿಗಳು ಒಂದೊಂದಾಗಿ ಕುಸಿಯುತ್ತಿದ್ದವು. 2003ರ ವಸಂತದಲ್ಲಿ ಅಮೆರಿಕನ್‌ನ ಮಾತೃ ಕಂಪನಿ ಎಎಂಆರ್‌ನ ಷೇರು 2 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ದಿವಾಳಿ ಅರ್ಜಿ ಸಿದ್ಧವಾಗಿತ್ತು. ಅದನ್ನು ತಪ್ಪಿಸಲು ಕಂಪನಿ ನೌಕರರ ಹತ್ತಿರ ವರ್ಷಕ್ಕೆ ಒಟ್ಟು 180 ಕೋಟಿ ಡಾಲರ್ ಉಳಿತಾಯ ಕೇಳಿತು. ಪೈಲಟ್‌ಗಳ ಸಂಬಳಕ್ಕೆ ಬಿದ್ದ ಕತ್ತರಿ ಶೇಕಡಾ 23. ಗಗನಸಖಿಯರು, ಮೆಕ್ಯಾನಿಕ್‌ಗಳು, ಸಾಮಾನು ಹೊರುವವರು ಎಲ್ಲರಿಗೂ ಪಾಲು ಬಂತು. ಯೂನಿಯನ್‌ಗಳು ಮತದಾನ ಮಾಡಿದವು. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದವು.

ಮತದಾನ ಮುಗಿಯುವ ಹೊತ್ತಿಗೆ ಕಂಪನಿಯ ವಾರ್ಷಿಕ ವರದಿ ಹೊರಬಂತು. ಅದರಲ್ಲಿ ಎರಡು ವಿಷಯ ಇದ್ದವು. ಒಂದು, ಮೇಲಿನ ಕೆಲವು ಅಧಿಕಾರಿಗಳು 2005ರ ಜನವರಿವರೆಗೆ ಕೆಲಸದಲ್ಲಿ ಉಳಿದರೆ ಅವರಿಗೆ ಮೂಲ ಸಂಬಳದ ಎರಡು ಪಟ್ಟು ಬೋನಸ್. ಇನ್ನೊಂದು, 45 ಅಧಿಕಾರಿಗಳ ಪಿಂಚಣಿಗೆಂದು 4.1 ಕೋಟಿ ಡಾಲರ್ ಪ್ರತ್ಯೇಕ ಟ್ರಸ್ಟ್‌ನಲ್ಲಿ ಇಟ್ಟದ್ದು. ಕಂಪನಿ ದಿವಾಳಿಯಾದರೂ ಆ ಹಣಕ್ಕೆ ಸಾಲ ಕೊಟ್ಟವರು ಕೈ ಹಾಕುವಂತಿರಲಿಲ್ಲ. ನೌಕರರ ಮುಂದೆ ದಿವಾಳಿಯ ಭಯ ಇಟ್ಟವರು ತಮಗೆ ಮಾತ್ರ ಅದರಿಂದ ರಕ್ಷಣೆ ಮಾಡಿಕೊಂಡಿದ್ದರು. ಯೂನಿಯನ್‌ಗಳು ಸಿಡಿದೆದ್ದವು. ಬೋನಸ್ ರದ್ದಾಯಿತು. ಏಪ್ರಿಲ್ 24ರಂದು ಮುಖ್ಯಸ್ಥ ಡಾನ್ ಕಾರ್ಟಿ ರಾಜೀನಾಮೆ ಕೊಟ್ಟರು.

ಅವರ ಜಾಗಕ್ಕೆ ಬಂದವರು ಜೆರಾರ್ಡ್ ಆರ್ಪಿ. ಎಲ್ಲರೂ ಸೇರಿ ಎಳೆಯೋಣ, ಎಲ್ಲರೂ ಸೇರಿ ಗೆಲ್ಲೋಣ ಎಂಬ ಅರ್ಥದ ಘೋಷಣೆ ಕೊಟ್ಟರು. ಆ ಹೊತ್ತಿನಲ್ಲಿ ಅದು ಬರಿ ಮಾತಾಗಿ ಕೇಳಿಸಲಿಲ್ಲ. ಸಂಬಳ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ನೌಕರರಿಗೂ ಸುಮಾರು 3.8 ಕೋಟಿ ಆಪ್ಷನ್‌ಗಳನ್ನು ಕೊಟ್ಟಿದ್ದರು. ಬೆಲೆ 5 ಡಾಲರ್. ಮೂರು ವರ್ಷದಲ್ಲಿ ಕಂತುಕಂತಾಗಿ ಕೈಗೆ ಬರುವಂಥವು.

ಷೇರು ನಿಜಕ್ಕೂ ಏರಿತು. 2007ರ ಜನವರಿಯಲ್ಲಿ 40 ಡಾಲರ್ ಆಸುಪಾಸಿಗೆ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಎಂಟುನೂರಕ್ಕೂ ಹೆಚ್ಚು ಅಧಿಕಾರಿಗಳಿಗೆ ಷೇರಿನ ಬೆಲೆಗೆ ಕಟ್ಟಿದ ಬೋನಸ್ ಸಿಕ್ಕಿತು. ಒಟ್ಟು ಸುಮಾರು 16 ಕೋಟಿ ಡಾಲರ್. ಪೈಲಟ್‌ಗಳು, ಗಗನಸಖಿಯರು ಬೀದಿಗಿಳಿದು ಪ್ರತಿಭಟಿಸಿದರು. 2003ರಲ್ಲಿ ಕತ್ತರಿಸಿದ ಅವರ ಸಂಬಳ ಇನ್ನೂ ಹಿಂದಿನ ಮಟ್ಟಕ್ಕೆ ಬಂದಿರಲಿಲ್ಲ.

ಕಂಪನಿಯ ಪರವಾಗಿ ಹೇಳಬಹುದಾದದ್ದನ್ನೂ ಹೇಳಲೇಬೇಕು. ಈ ಬೋನಸ್ ಯೋಜನೆ ಗುಟ್ಟಾಗಿರಲಿಲ್ಲ. ಮುಖ್ಯಸ್ಥರ ಸಂಬಳದ ಬಹುಭಾಗ ಅಪಾಯದಲ್ಲಿತ್ತು ಎಂಬುದು ಅವರ ವಾದ. ನೌಕರರಲ್ಲೂ ತಮ್ಮ 5 ಡಾಲರ್ ಆಪ್ಷನ್‌ಗಳನ್ನು ಒಳ್ಳೆಯ ಬೆಲೆಯಲ್ಲಿ ಮಾರಿ ಚೆನ್ನಾಗಿ ಗಳಿಸಿದವರಿದ್ದಾರೆ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ತಕ್ಕಡಿಯ ಎರಡು ಕಡೆ ನೋಡಿ. ನೌಕರನ ಕಡೆ ಪ್ರತಿ ತಿಂಗಳೂ ಮನೆಗೆ ಕಡಿಮೆ ಬರುತ್ತಿದ್ದ ಸಂಬಳ, ಅದರ ಬದಲಿಗೆ ಆಪ್ಷನ್. ಅಧಿಕಾರಿಯ ಕಡೆ ಬೆಲೆ ಏರಿದಾಗ ಸಿಗುವ ಬೋನಸ್. ನೌಕರ ಬಿಟ್ಟುಕೊಟ್ಟ ಸಂಬಳವೇ ಖರ್ಚನ್ನು ಇಳಿಸಿ ಷೇರಿನ ಬೆಲೆಯನ್ನು ಎತ್ತಿದ್ದು. ಒಂದೇ ಏರಿಕೆಗೆ ಒಬ್ಬರು ಮುಂಗಡವಾಗಿ ಹಣ ತೆತ್ತರು, ಇನ್ನೊಬ್ಬರು ತೆರಲಿಲ್ಲ.

ಆರ್ಪಿಯವರ ಬಗ್ಗೆ ಒಂದು ಮಾತು. 2011ರ ನವೆಂಬರ್ 29ರಂದು ಎಎಂಆರ್ ಕೊನೆಗೂ ದಿವಾಳಿ ಅರ್ಜಿ ಹಾಕಿದಾಗ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಮೊತ್ತ ತೆಗೆದುಕೊಳ್ಳಲಿಲ್ಲ. ಹಾಗಾಗಿ ಇದನ್ನು ಒಬ್ಬ ಮನುಷ್ಯನ ದುರಾಸೆಯ ಕಥೆ ಅಂತ ಸುಮ್ನೆ ಹೇಳಿಬಿಟ್ಟರೆ ತಪ್ಪಾಗುತ್ತದೆ. ಕರಾರು ಬರೆದ ರೀತಿಯಲ್ಲೇ ದೋಷ ಇತ್ತು. ಒಳ್ಳೆಯವರು ಬಂದು ಕೂತರೂ ಅದೇ ಫಲ ಕೊಡುವ ದೋಷ.

ಯುನೈಟೆಡ್ ಏರ್‌ಲೈನ್ಸ್ ಕಥೆ ಇನ್ನೂ ಕಹಿ, ಆದರೆ ಚುಟುಕಾಗಿ ಹೇಳುತ್ತೇನೆ. 1994ರಲ್ಲಿ ಅಲ್ಲಿನ ನೌಕರರು ಸಂಬಳ ಬಿಟ್ಟುಕೊಟ್ಟು ಕಂಪನಿಯ ಶೇಕಡಾ 55 ಪಾಲು ಪಡೆದಿದ್ದರು. 2002ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ (ಕಂಪನಿ ನಡೆಯುತ್ತಿರುವಾಗಲೇ ನ್ಯಾಯಾಲಯದ ಆಸರೆಯಲ್ಲಿ ಸಾಲ ಸರಿಪಡಿಸಿಕೊಳ್ಳುವ ದಾರಿ) ಹೋಯಿತು, ಆ ಪಾಲು ಸೊನ್ನೆಯಾಯಿತು. 2005ರಲ್ಲಿ ಕಂಪನಿ ನೌಕರರ ಪಿಂಚಣಿ ಯೋಜನೆಗಳನ್ನು ಕೈಬಿಟ್ಟು ಸರಕಾರದ ಪಿಂಚಣಿ ವಿಮಾ ಸಂಸ್ಥೆಯ ತಲೆಗೆ ಕಟ್ಟಿತು. ಆಗಿನವರೆಗೆ ಅಮೆರಿಕದಲ್ಲಿ ಅಷ್ಟು ದೊಡ್ಡ ಪಿಂಚಣಿ ಕುಸಿತ ಆಗಿರಲಿಲ್ಲ. ಆ ಸಂಸ್ಥೆ ಕೊಡುವುದಕ್ಕೆ ಮಿತಿ ಇರುವುದರಿಂದ ಎಷ್ಟೋ ನಿವೃತ್ತರ ಪಿಂಚಣಿ ಇಳಿಯಿತು. 2006ರ ಫೆಬ್ರವರಿ 1ರಂದು ಕಂಪನಿ ದಿವಾಳಿಯಿಂದ ಹೊರಬಂತು. ಹಳೆ ಷೇರು ರದ್ದಾಗಿತ್ತು, ಹೊಸ ಷೇರು ಹುಟ್ಟಿತು. ಆ ಹೊಸ ಷೇರಿನ ಶೇಕಡಾ 8 ಭಾಗವನ್ನು ಷೇರು ಮತ್ತು ಆಪ್ಷನ್ ರೂಪದಲ್ಲಿ 400 ಮ್ಯಾನೇಜರ್‌ಗಳಿಗೆ ಮೀಸಲಿಟ್ಟರು. ಮೊದಲು ಕೇಳಿದ್ದು ಶೇಕಡಾ 15. ಸಾಲ ಕೊಟ್ಟವರು ತಕರಾರು ಮಾಡಿದ್ದರಿಂದ 8ಕ್ಕೆ ಇಳಿಯಿತು.

ಹೀಗೇ ಆಗಬೇಕು ಅಂತೇನೂ ಇಲ್ಲ. ಡೆಲ್ಟಾ ಕಂಪನಿ 2007ರ ಏಪ್ರಿಲ್ 30ರಂದು ದಿವಾಳಿಯಿಂದ ಹೊರಬಂದಾಗ ಮುಖ್ಯಸ್ಥ ಜೆರಾಲ್ಡ್ ಗ್ರಿನ್‌ಸ್ಟೀನ್ ತನಗೆ ಬರಬೇಕಾಗಿದ್ದ ಷೇರುಗಳನ್ನು ಬೇಡ ಅಂದರು. ಅದರ ಬದಲು ನೌಕರರ ಕುಟುಂಬಗಳ ವಿದ್ಯಾರ್ಥಿ ವೇತನಕ್ಕೆ, ಕಷ್ಟಕಾಲದ ನೆರವಿಗೆ ನಿಧಿ ಮಾಡಿಸಿದರು. ಸೌತ್‌ವೆಸ್ಟ್‌ನಲ್ಲಿ 1995ರಲ್ಲಿ ಪೈಲಟ್‌ಗಳು ಐದು ವರ್ಷ ಸಂಬಳ ಏರಿಕೆ ಇಲ್ಲದೆ ದುಡಿಯಲು ಒಪ್ಪಿ ಆಪ್ಷನ್ ತೆಗೆದುಕೊಂಡರು. ಮುಖ್ಯಸ್ಥ ಹರ್ಬ್ ಕೆಲ್ಲೆಹರ್ ತನ್ನ ಸಂಬಳವನ್ನೂ ಹಾಗೇ ಏರಿಕೆಯಿಲ್ಲದೆ ಇಟ್ಟರು. ನನಗೆ ಇವೆರಡರಲ್ಲಿ ಕೆಲ್ಲೆಹರ್ ಅವರ ದಾರಿಯೇ ಜಾಸ್ತಿ ಮೆಚ್ಚುಗೆ. ಗ್ರಿನ್‌ಸ್ಟೀನ್ ಮಾಡಿದ್ದು ದೊಡ್ಡತನ, ಆದರೆ ದೊಡ್ಡತನವನ್ನು ಕರಾರಿನಲ್ಲಿ ಬರೆಯಲು ಆಗುವುದಿಲ್ಲ. ಎರಡೂ ಕಡೆಗೆ ಒಂದೇ ಷರತ್ತು ಅನ್ನುವುದನ್ನು ಬರೆಯಬಹುದು.

ಇನ್ನು ಆಪ್ಷನ್ ನಗದಾಗುವುದು ಹೇಗೆ? ಮುಖ್ಯಸ್ಥರು ಕೈಯಿಂದ ದುಡ್ಡು ತಂದು ಷೇರು ಕೊಳ್ಳುತ್ತಾರೆ ಅಂತ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಬ್ರೋಕರ್ ಅವತ್ತೇ ಎರಡೂ ಕೆಲಸ ಮುಗಿಸುತ್ತಾರೆ. ಆಪ್ಷನ್ ಬಳಸಿ ಷೇರು ಪಡೆದು, ಪೇಟೆಯಲ್ಲಿ ಮಾರಿ, ಬರೆದಿಟ್ಟ ಬೆಲೆಯನ್ನೂ ತೆರಿಗೆಯನ್ನೂ ಕಳೆದು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಅಮೆರಿಕದಲ್ಲಿ ಇದು ಬಚ್ಚಿಡುವ ವಿಷಯ ಅಲ್ಲ. 2002ರ ಕಾನೂನು ಬಂದ ಮೇಲೆ ಎರಡು ಕೆಲಸದ ದಿನಗಳೊಳಗೆ ಷೇರುಪೇಟೆ ನಿಯಂತ್ರಕರಿಗೆ 'ಫಾರ್ಮ್ 4' ಸಲ್ಲಿಸಬೇಕು. ಯಾರು ಬೇಕಾದರೂ ಅದನ್ನು ಆನ್‌ಲೈನಲ್ಲಿ ತೆರೆದು ಓದಬಹುದು. ಅದರಲ್ಲಿ ಪ್ರತಿ ವ್ಯವಹಾರದ ಪಕ್ಕ ಒಂದು ಅಕ್ಷರ ಇರುತ್ತದೆ. 'ಎ' ಅಂದರೆ ಕಂಪನಿ ಕೊಟ್ಟದ್ದು. 'ಎಂ' ಅಂದರೆ ಆಪ್ಷನ್ ಬಳಸಿದ್ದು. 'ಎಸ್' ಅಂದರೆ ಮಾರಿದ್ದು. 'ಎಫ್' ಅಂದರೆ ತೆರಿಗೆಗೆ ಅಥವಾ ಬರೆದ ಬೆಲೆಗೆ ಷೇರನ್ನೇ ಕೊಟ್ಟದ್ದು. 'ಎಂ' ಸಾಲಿನ ಕೆಳಗೇ ಅದೇ ದಿನಾಂಕದ, ಅಷ್ಟೇ ಸಂಖ್ಯೆಯ 'ಎಸ್' ಸಾಲು ಕಂಡರೆ ಆ ಅಧಿಕಾರಿ ಕೊಂಡ ಷೇರನ್ನು ಒಂದು ದಿನವೂ ಇಟ್ಟುಕೊಳ್ಳಲಿಲ್ಲ ಅಂತ ಅರ್ಥ. ಮಾಲೀಕರ ಹಾಗೆ ಯೋಚಿಸಲಿ ಅಂತ ಆಪ್ಷನ್ ಕೊಡುತ್ತೇವೆ ಎನ್ನುವ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಮಾರುವ ಹೊತ್ತೂ ಮುಖ್ಯ. ಆಸ್ಟ್ರೇಲಿಯಾದ ಕ್ವಾಂಟಸ್‌ನ ಅಲನ್ ಜಾಯ್ಸ್ 2023ರ ಜೂನ್‌ನಲ್ಲಿ ತಮ್ಮ ಬಹುಪಾಲು ಷೇರುಗಳನ್ನು ಸುಮಾರು 1.7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮಾರಿದರು. ಅಧ್ಯಕ್ಷರ ಒಪ್ಪಿಗೆ ಪಡೆದೇ ಮಾರಿದ್ದರು. ಆಗಸ್ಟ್ 31ರಂದು, ಮೊದಲೇ ರದ್ದು ಮಾಡಿದ್ದ ವಿಮಾನಗಳಿಗೆ ಟಿಕೆಟ್ ಮಾರಿದ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಆಯೋಗ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಜಾಯ್ಸ್ ನಿಗದಿಗಿಂತ ಎರಡು ತಿಂಗಳು ಮೊದಲು ಹುದ್ದೆ ಬಿಟ್ಟರು. ಮರುವರ್ಷ ಆಡಳಿತ ಮಂಡಳಿ ಅವರ ಸಂಭಾವನೆಯಲ್ಲಿ 92 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚನ್ನು ಕಡಿತ ಮಾಡಿತು. ಇನ್ನೂ ಕೈಸೇರದ ಬೋನಸ್ ಇದ್ದದ್ದರಿಂದ ಅದು ಸಾಧ್ಯವಾಯಿತು. ಮಾರಿ ಮುಗಿದ ಷೇರಿನ ಹಣ ಹಾಗೆ ಸುಲಭವಾಗಿ ವಾಪಸ್ ಬರುವುದಿಲ್ಲ.

ಕೊನೆಯದಾಗಿ 2020. ಕೋವಿಡ್ ಬಂತು, ವಿಮಾನಗಳು ನೆಲಕ್ಕಿಳಿದವು. ಅಮೆರಿಕ ಸರಕಾರ ಮೂರು ಕಂತಿನಲ್ಲಿ ಸುಮಾರು 5,400 ಕೋಟಿ ಡಾಲರ್‌ಗಳನ್ನು ನೌಕರರ ಸಂಬಳಕ್ಕೆಂದು ವಿಮಾನ ಕಂಪನಿಗಳಿಗೆ ಕೊಟ್ಟಿತು. ಹಿಂದಿನ ಐದಾರು ವರ್ಷಗಳಲ್ಲಿ ಅಮೆರಿಕನ್ ಒಂದೇ ತನ್ನ ಷೇರುಗಳನ್ನು ತಾನೇ ಮರಳಿ ಕೊಳ್ಳಲು 1,200 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದಿತ್ತು. ಷೇರು ಮರಳಿ ಕೊಂಡರೆ ಬೆಲೆಗೆ ಆಸರೆ ಸಿಗುತ್ತದೆ, ಬೆಲೆಗೆ ಕಟ್ಟಿದ ಸಂಭಾವನೆಗೂ ಸಿಗುತ್ತದೆ. ಕಷ್ಟ ಬಂದಾಗ ಆ ಹಣ ಕೈಯಲ್ಲಿರಲಿಲ್ಲ.

ಈ ಸಲ ಕಾನೂನು ಸ್ವಲ್ಪ ಎಚ್ಚರ ವಹಿಸಿತ್ತು. ಷೇರು ಮರುಖರೀದಿಗೆ ತಡೆ ಹಾಕಿತು. 2019ರಲ್ಲಿ 30 ಲಕ್ಷ ಡಾಲರ್‌ಗಿಂತ ಹೆಚ್ಚು ಪಡೆದವರಿಗೆ 30 ಲಕ್ಷ ಮತ್ತು ಅದರ ಮೇಲಿನದರ ಅರ್ಧ ಮಾತ್ರ ಅಂತ ಮಿತಿ ಇಟ್ಟಿತು. 1 ಕೋಟಿ ಪಡೆಯುತ್ತಿದ್ದವರಿಗೆ 65 ಲಕ್ಷ. ಇನ್ನೂ ಒಂದು ಕೆಲಸ ಮಾಡಿತು. ಸರಕಾರವೇ ಆಪ್ಷನ್ ತೆಗೆದುಕೊಂಡಿತು! ವಾರಂಟ್ ಅಂತ ಅದರ ಹೆಸರು. ಅಮೆರಿಕನ್ ಷೇರನ್ನು 12.51 ಡಾಲರ್‌ಗೆ ಕೊಳ್ಳುವ ಹಕ್ಕು, ಡೆಲ್ಟಾದ್ದನ್ನು 24.39ಕ್ಕೆ. 2020ರ ಏಪ್ರಿಲ್ 9ರ ಬೆಲೆ ಅದು, ತಳದ ಹತ್ತಿರದ್ದು. ಈ ಯೋಚನೆ ಸರಿಯಾಗಿಯೇ ಇತ್ತು. ಆದರೆ ಪ್ರಮಾಣ ನೋಡಿ. ದೊಡ್ಡ ಕಂಪನಿಗಳಿಗೆ ಕೊಟ್ಟದ್ದರಲ್ಲಿ ಸುಮಾರು ಶೇಕಡಾ 30 ಸಾಲ, ಉಳಿದದ್ದು ಅನುದಾನ. ವಾರಂಟ್ ಸಿಕ್ಕಿದ್ದು ಸಾಲದ ಶೇಕಡಾ 10ಕ್ಕೆ ಮಾತ್ರ. 100 ಡಾಲರ್ ಕೊಟ್ಟಲ್ಲಿ ಸುಮಾರು 3 ಡಾಲರ್ ಬೆಲೆಯ ಷೇರಿನ ಮೇಲೆ ಹಕ್ಕು.

2021ರ ಮಾರ್ಚ್‌ನಲ್ಲಿ ಅಮೆರಿಕನ್ ಷೇರು 20 ಡಾಲರ್ ದಾಟಿತ್ತು. ಸರಕಾರ ಮಾರಲಿಲ್ಲ. 2024ರ ಜೂನ್‌ನಲ್ಲಿ ವಾರಂಟ್‌ಗಳನ್ನು ಹರಾಜು ಹಾಕಿದಾಗ ಅದೇ ಷೇರು 12.51ಕ್ಕಿಂತ ಕೆಳಗಿತ್ತು. ಎಲ್ಲ ಕಂಪನಿಗಳದ್ದೂ ಸೇರಿ ಬಂದದ್ದು ಸುಮಾರು 55 ಕೋಟಿ ಡಾಲರ್. ಕಂಪನಿಯ ಒಳಗಿರುವ ಅಧಿಕಾರಿಗೆ ತನ್ನ ಆಪ್ಷನ್ ಯಾವಾಗ ಮಾರಬೇಕು ಎಂಬ ಸಲಹೆ ಕೊಡಲು ಬ್ರೋಕರ್, ವಕೀಲ, ತೆರಿಗೆ ತಜ್ಞ ಎಲ್ಲರೂ ಇರುತ್ತಾರೆ. ತೆರಿಗೆ ಕಟ್ಟಿದ ಜನರ ಆಪ್ಷನ್‌ಗೆ ಹಾಗೆ ಕಾಯುವವರು ಯಾರಿದ್ದರು?

ಇಲ್ಲಿಂದ ಮುಂದಿನದು ಸಭೆಯಲ್ಲಿ ಬಂದ ಪ್ರಶ್ನೆಗಳು.

"ಇದೆಲ್ಲ ಕಾನೂನಿನ ಪ್ರಕಾರವೇ ನಡೆದಿದೆ. ಕಿತ್ತುಕೊಂಡರೆ ಒಳ್ಳೆಯ ಮುಖ್ಯಸ್ಥರು ಬೇರೆ ಕಡೆ ಹೋಗುವುದಿಲ್ಲವೇ?" ಅಂತ ಒಬ್ಬರು ಕೇಳಿದರು.

ಕಾನೂನಿನ ಪ್ರಕಾರವೇ ನಡೆದಿದೆ, ನಿಜ. ಕಾನೂನೇ ಇದಕ್ಕೆ ದಾರಿ ಮಾಡಿಕೊಟ್ಟದ್ದೂ ನಿಜ. 1993ರಲ್ಲಿ ಅಮೆರಿಕ ಮೇಲಿನ ಅಧಿಕಾರಿಗಳ ಸಂಬಳದಲ್ಲಿ 10 ಲಕ್ಷ ಡಾಲರ್ ಮೀರಿದ್ದಕ್ಕೆ ಕಂಪನಿಗಳಿಗೆ ತೆರಿಗೆ ವಿನಾಯಿತಿ ನಿಲ್ಲಿಸಿತು, ಆದರೆ ಸಾಧನೆಗೆ ಕಟ್ಟಿದ ಸಂಭಾವನೆಯನ್ನು ಹೊರಗಿಟ್ಟಿತು. ಆಪ್ಷನ್ ಆ ಹೊರಗಿನ ಪಟ್ಟಿಯಲ್ಲಿತ್ತು. ಸಹಜವಾಗಿ ಎಲ್ಲರೂ ಅತ್ತ ಹೊರಳಿದರು. 2017ರಲ್ಲಿ ಸಾಧನೆಯ ಸಂಭಾವನೆಗಿದ್ದ ಆ ವಿನಾಯಿತಿಯೂ ಹೋಯಿತು, ಅಭ್ಯಾಸ ಹೋಗಲಿಲ್ಲ.

ಯಾರಿಂದಲೂ ಕಿತ್ತುಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಕರಾರು ಬರೆಯುವಾಗಲೇ ಸರಿಯಾಗಿ ಬರೆಯಿರಿ ಅನ್ನುತ್ತಿದ್ದೇನೆ. ಬಿಕ್ಕಟ್ಟಿನ ನಡುವೆ ಆಪ್ಷನ್ ಕೊಡುವುದಾದರೆ ಅವತ್ತಿನ ಬೆಲೆ ಬೇಡ, ಬಿಕ್ಕಟ್ಟಿಗೆ ಮುಂಚಿನ ಕೆಲವು ವರ್ಷಗಳ ಸರಾಸರಿ ಬೆಲೆ ಬರೆಯಿರಿ. ಆಗ ಕಂಪನಿಯನ್ನು ಮೊದಲಿದ್ದಲ್ಲಿಗೆ ತಂದು, ಅದರಿಂದಾಚೆ ಒಯ್ದರೆ ಮಾತ್ರ ಗಳಿಕೆ. ನೌಕರರ ಸಂಬಳ ಕತ್ತರಿಸಿದ್ದರೆ, ಅದು ಹಿಂದಿನ ಮಟ್ಟಕ್ಕೆ ಬರುವವರೆಗೆ ಮೇಲಿನವರ ಆಪ್ಷನ್ ಕೈಗೆ ಸಿಗದಿರಲಿ. ಹುದ್ದೆ ಬಿಟ್ಟ ಎರಡು ವರ್ಷದ ಮೇಲೆ ಮಾರಲಿ. ಇಷ್ಟಕ್ಕೇ ಓಡಿಹೋಗುವ ಮುಖ್ಯಸ್ಥರು ಕಂಪನಿಯ ಭವಿಷ್ಯವನ್ನು ನಂಬಿರಲಿಲ್ಲ ಅಂತಲೇ ಅಲ್ವಾ?

ಇನ್ನೊಬ್ಬರು ಯೂನಿಯನ್‌ನಲ್ಲಿ ದುಡಿದವರು. "ಹಾಗಾದರೆ ನೌಕರರೂ ಆಪ್ಷನ್‌ಗೇ ಹಟ ಹಿಡಿಯಬೇಕೇ?" ಎಂದು ಕೇಳಿದರು.

ಸಂಬಳದ ಬದಲಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. 2007ರ ಜನವರಿಯಲ್ಲಿ 40 ಡಾಲರ್ ಆಸುಪಾಸಿದ್ದ ಎಎಂಆರ್ ಷೇರು ಮರುವರ್ಷದ ಬೇಸಿಗೆಗೇ ನೆಲ ಕಚ್ಚಿತ್ತು. ಆಪ್ಷನ್ ಮಾರದೆ ಇಟ್ಟುಕೊಂಡ ಗಗನಸಖಿಗೆ ಕಾಗದ ಉಳಿಯಿತು. ಯುನೈಟೆಡ್ ನೌಕರರ ಶೇಕಡಾ 55 ಏನಾಯಿತು ಅಂತ ಆಗಲೇ ಹೇಳಿದೆ. ಕೆಲಸ, ಪಿಂಚಣಿ, ಉಳಿತಾಯ ಮೂರೂ ಒಂದೇ ಕಂಪನಿಯ ಮೇಲೆ ನಿಂತರೆ ಅದು ಬಿದ್ದಾಗ ಮೂರೂ ಒಟ್ಟಿಗೆ ಹೋಗುತ್ತವೆ.

ಲಾಭದಲ್ಲಿ ಪಾಲು ಕೇಳಿ. ಸೌತ್‌ವೆಸ್ಟ್ 1973ರಿಂದ ಕೊಡುತ್ತಿದೆ. ಡೆಲ್ಟಾ ಪ್ರತಿ ಫೆಬ್ರವರಿಯಲ್ಲಿ ನಗದಾಗಿ ಕೊಡುತ್ತದೆ. 2019ರ ಲಾಭಕ್ಕೆ 160 ಕೋಟಿ ಡಾಲರ್ ಹಂಚಿತು, ನೌಕರರಿಗೆ ಸುಮಾರು ಎರಡು ತಿಂಗಳ ಸಂಬಳದಷ್ಟು ಸಿಕ್ಕಿತು. 2020ರಲ್ಲಿ ನಷ್ಟವಾಯಿತು, ಆ ಸಾಲಿಗೆ ಪಾಲು ಇರಲಿಲ್ಲ. ಯಾವಾಗ ಮಾರಬೇಕು, ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ಒಬ್ಬ ಮೆಕ್ಯಾನಿಕ್ ರಾತ್ರಿ ನಿದ್ದೆಗೆಟ್ಟು ಲೆಕ್ಕ ಹಾಕಬೇಕಾಗಿಲ್ಲ. ಮೇಲಿನವರಿಗೂ ಬೋನಸ್ ಇದೇ ಸೂತ್ರದಲ್ಲಿ, ಇದೇ ದಿನ ಕೊಡಿ ಅಂತ ಮುಂದಿನ ಕರಾರಿನ ಮಾತುಕತೆಯಲ್ಲಿ ಮೊದಲ ಬೇಡಿಕೆಯಾಗಿ ಇಡಿ.